ನಲವತ್ತು ಮುಟ್ಟದ ಊರಿನ ಬಿಸಿಲು

(ಹಾಸನದಲ್ಲಿ ಬೆಳೆಗಾರರು, ಮೇಷ್ಟ್ರುಗಳು, ಕಾಲೇಜು ಮಕ್ಕಳು ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಸಭೆಯನ್ನು ಸಂಜೆ ಐದೂವರೆಗೆ ಇಟ್ಟಿದ್ದಕ್ಕೆ ಮೊದಲು ಆಯೋಜಕರಿಗೆ ಥ್ಯಾಂಕ್ಸ್ ಹೇಳಬೇಕು. ಮಧ್ಯಾಹ್ನ ಮೂರಕ್ಕೆ ಇಡುವ ಯೋಚನೆಯೂ ಇತ್ತಂತೆ. ಮೂರು ಗಂಟೆಗೆ ಬಿಸಿಲಿನ ಬಗ್ಗೆ ಭಾಷಣ ಕೇಳುವ ಅಗತ್ಯ ಯಾರಿಗೂ ಇಲ್ಲ. ಹೊರಗೆ ಹೋಗಿ ನಿಂತರೆ ಸಾಕು.

ಹಾಸನಕ್ಕೆ 'ಬಡವರ ಊಟಿ' ಅಂತ ಹೆಸರಿದೆ. ನಾವೇ ಇಟ್ಟುಕೊಂಡಿದ್ದೋ, ವರ್ಗವಾಗಿ ಬಂದ ನೌಕರರು ಖುಷಿಯಿಂದ ಕರೆದಿದ್ದೋ, ಅಂತೂ ಎಲ್ಲರ ಬಾಯಲ್ಲೂ ಇದೆ. ಹೆಸರಿಗೆ ಕಾರಣ ಇಲ್ಲದೆ ಇಲ್ಲ. ಈ ಊರು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲಿದೆ. ಒಂದು ಕಿಲೋಮೀಟರ್ ಮೇಲೆ ಹತ್ತಿದರೆ ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ತಂಪು. ಹಾಗಾಗಿ ರಾಯಚೂರು, ಕಲಬುರಗಿ 42 ಡಿಗ್ರಿಯಲ್ಲಿ ಬೇಯುವಾಗ ನಾವು 35ರಲ್ಲಿ ಕೂತು 'ಪರವಾಗಿಲ್ಲ' ಅಂದುಕೊಳ್ಳುತ್ತೇವೆ.

ಈ 'ಪರವಾಗಿಲ್ಲ' ಇದೆಯಲ್ಲ, ಅದರ ಬಗ್ಗೆಯೇ ಇವತ್ತು ನನ್ನ ತಕರಾರು.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ ಹಿರಿಯರು. ಈಚೆಗೆ ಅದು ಸಂಕ್ರಾಂತಿ ಕಳೆದ ಕೂಡಲೇ ಗಂಟುಮೂಟೆ ಕಟ್ಟುತ್ತಿದೆ. ಇದು ಬರೀ ಅನಿಸಿಕೆ ಅಲ್ಲ. ದೇಶದ ಸರಾಸರಿ ತೆಗೆದುಕೊಂಡರೆ 1901ರಿಂದ ಲೆಕ್ಕ ಇಟ್ಟಿರುವ ಅಷ್ಟೂ ಫೆಬ್ರುವರಿಗಳಲ್ಲಿ 2025ರದ್ದೇ ಅತಿ ಬಿಸಿ. ಹಗಲಿನ ಉಷ್ಣಾಂಶದಲ್ಲಿ 2022ರ ಮಾರ್ಚ್ ಅಲ್ಲಿಯವರೆಗಿನ ದಾಖಲೆ ಮುರಿಯಿತು. 2024 ಇಡೀ ವರ್ಷವೇ ದೇಶಕ್ಕೂ, ಭೂಮಿಗೂ ದಾಖಲೆಯ ಬಿಸಿ ವರ್ಷವಾಯಿತು. ಅದೇ 2024ರ ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ 38.5 ಡಿಗ್ರಿ. ಆ ಊರಿನ ಏಪ್ರಿಲ್ ದಾಖಲೆ 2016ರ 39.2. ಫ್ಯಾನೇ ಬೇಡ ಅನ್ನುತ್ತಿದ್ದ ಊರು ಅದು.

ಈಗ ಒಂದು ಪ್ರಶ್ನೆ. ಹಾಸನದಲ್ಲಿ ನಾಳೆ 38 ಡಿಗ್ರಿ ಆಯಿತು ಅಂತಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಇಲ್ಲಿಯ ವಾಡಿಕೆ 33–34ರ ಆಸುಪಾಸು. ನಾಲ್ಕು, ನಾಲ್ಕೂವರೆ ಡಿಗ್ರಿ ಜಾಸ್ತಿ ಅಂದ ಹಾಗಾಯಿತು. ಇದು ಬಿಸಿಗಾಳಿಯೇ, ಅಲ್ಲವೇ?

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅಲ್ಲ. ಬಯಲು ಸೀಮೆಯ ಕೇಂದ್ರದಲ್ಲಿ ಮೊದಲು ಉಷ್ಣಾಂಶ 40 ಮುಟ್ಟಬೇಕು. ಮುಟ್ಟಿದ ಮೇಲೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಜಾಸ್ತಿ ಇದ್ದರೆ ಬಿಸಿಗಾಳಿ, ಅದಕ್ಕೂ ಮೇಲೆ ಹೋದರೆ ತೀವ್ರ ಬಿಸಿಗಾಳಿ. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಬಿಸಿಗಾಳಿಯೇ. ಕರಾವಳಿಗೆ ಗೆರೆ 37. ಗುಡ್ಡಗಾಡಿಗೆ 30. ಜೊತೆಗೆ ಒಂದು ಹವಾಮಾನ ಉಪವಿಭಾಗದಲ್ಲಿ ಕನಿಷ್ಠ ಎರಡು ಕೇಂದ್ರಗಳಲ್ಲಿ, ಎರಡು ದಿನ ಸತತವಾಗಿ ಹೀಗೆ ಇರಬೇಕು. ಎರಡನೇ ದಿನ ಘೋಷಣೆ.

ಇನ್ನು ಉಪವಿಭಾಗ. ಕರ್ನಾಟಕದಲ್ಲಿ ಮೂರೇ ಇವೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಹಾಸನ, ಚಿಕ್ಕಮಗಳೂರು, ಕೊಡಗು ಎಲ್ಲ ದಕ್ಷಿಣ ಒಳನಾಡು. ಚಿತ್ರದುರ್ಗ, ಬಳ್ಳಾರಿ ಕೂಡ ಅದರಲ್ಲೇ! ಹಾಗಾಗಿ ಟಿ.ವಿ.ಯಲ್ಲಿ 'ದಕ್ಷಿಣ ಒಳನಾಡಿನ ಒಂದೆರಡು ಕಡೆ ಬಿಸಿಗಾಳಿ' ಅಂತ ಓಡಿದರೆ ಅದು ಬಳ್ಳಾರಿಯ ಸುದ್ದಿ ಆಗಿರಬಹುದು. ನಮ್ಮೂರು ಪೂರ್ತಿ ಬಯಲೂ ಅಲ್ಲ, ಪೂರ್ತಿ ಬೆಟ್ಟವೂ ಅಲ್ಲ. ಅರೆಮಲೆನಾಡು. ಗೆರೆ ಎಳೆಯುವವರಿಗೆ ಇಂಥ ಊರುಗಳು ಯಾವತ್ತೂ ತಲೆನೋವು.

ರಾತ್ರಿಯ ಲೆಕ್ಕವೂ ಹೀಗೇ. ರಾತ್ರಿ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇದ್ದರೆ 'ಬಿಸಿ ರಾತ್ರಿ' ಎನ್ನುತ್ತಾರೆ. ಆದರೆ ಹಗಲು 40 ದಾಟಿದ್ದರೆ ಮಾತ್ರ. ಅಂದರೆ ನಾವು ಇಡೀ ರಾತ್ರಿ ಹೊರಳಾಡಿದರೂ ಕಾಗದದಲ್ಲಿ ಅದು ತಂಪು ರಾತ್ರಿಯೇ.

ಇಲಾಖೆಯನ್ನು ಬೈಯುತ್ತಿಲ್ಲ. 1875ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ ಅದು. ಇಡೀ ದೇಶಕ್ಕೆ ಒಂದು ಗೆರೆ ಎಲ್ಲಾದರೂ ಎಳೆಯಲೇಬೇಕು. ನಾನು ಹೇಳುವುದು ಇಷ್ಟೇ: ನಮ್ಮ ಹೆಸರಿಗೆ ಆ ಎಚ್ಚರಿಕೆ ಬರುವುದು ಬಹಳ ಅಪರೂಪ. ಬರಲಿ ಅಂತ ಕಾಯಬೇಡಿ. ಎಷ್ಟು ಡಿಗ್ರಿ ಅಂತ ನೋಡುವ ಬದಲು ವಾಡಿಕೆಗಿಂತ ಎಷ್ಟು ಜಾಸ್ತಿ ಅಂತ ನೋಡಿ. ನಮ್ಮ ಗಿಡ, ನಮ್ಮ ಹಸು, ನಮ್ಮ ಮನೆ, ನಮ್ಮ ಮೈ ಎಲ್ಲ ಒಗ್ಗಿಕೊಂಡಿರುವುದು 33ಕ್ಕೆ. ಕಲಬುರಗಿಯವರಿಗೆ 40 ಗೊತ್ತು. ಅಲ್ಲಿ ಮಧ್ಯಾಹ್ನ ಬೀದಿ ಖಾಲಿ ಇರುತ್ತದೆ. ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಎರಡು ಗಂಟೆಗೆ ಮೋಲ್ಡಿಂಗ್ ಹಾಕುತ್ತಿರುತ್ತಾರೆ.

ಈ 38, 40 ಅನ್ನುವುದನ್ನು ಎಲ್ಲಿ ಅಳೆಯುತ್ತಾರೆ ಅನ್ನುವುದೂ ಗೊತ್ತಿರಲಿ. ಕಾಲೇಜಿನ ಮಕ್ಕಳು ಸಾಧ್ಯವಾದರೆ ಒಂದು ಹವಾಮಾನ ಕೇಂದ್ರಕ್ಕೆ ಹೋಗಿ ನೋಡಿ ಬನ್ನಿ. ಬಯಲಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆ ಇರುತ್ತದೆ. ಗೋಡೆಗೆಲ್ಲ ಓರೆ ಪಟ್ಟಿ. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬರುವುದಿಲ್ಲ. ಥರ್ಮಾಮೀಟರು ನಮ್ಮ ಎದೆಮಟ್ಟಕ್ಕೆ. ಕೆಳಗೆ ಹುಲ್ಲು. ಅಂದರೆ ಸುದ್ದಿಯಲ್ಲಿ ಬರುವ 36 ಡಿಗ್ರಿ ಹುಲ್ಲಿನ ಮೇಲೆ, ನೆರಳಲ್ಲಿ, ಗಾಳಿ ಆಡುವ ಜಾಗದ ಉಷ್ಣಾಂಶ. ಡಾಂಬರು ರಸ್ತೆಯಲ್ಲಿ ತರಕಾರಿ ಗಾಡಿ ತಳ್ಳುವವನ 36 ಅಲ್ಲ. ಫೋನಿನಲ್ಲಿ ಕಾಣುವ ಅಂಕಿಯಂತೂ ಹೆಚ್ಚಿನ ಸಲ ಕಂಪ್ಯೂಟರ್ ಲೆಕ್ಕ ಹಾಕಿ ಹೇಳಿದ್ದು. ನಿಮ್ಮೂರಲ್ಲಿ ಯಾರೂ ಅಳೆದಿರುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರು 43 ಅಂತ ತೋರಿಸಿದ್ದನ್ನು ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರಲ್ಲ, ಅದು ಕಾರಿನ ಕಷ್ಟ, ಊರಿನದ್ದಲ್ಲ.

ಇನ್ನು ಬಿಸಿಲು ಯಾಕೆ ಹೀಗೆ ಏರುತ್ತದೆ ಅನ್ನುವುದಕ್ಕೆ ಬರೋಣ.

ಮೊದಲನೆಯದು ಸೂರ್ಯ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಮಧ್ಯಾಹ್ನ ಸುಮಾರು 12.25ಕ್ಕೆ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ನೆರಳು ಬುಡದಲ್ಲೇ ಅಡಗಿರುತ್ತದೆ. ದೆಹಲಿಯವರಿಗೆ ಮೇ, ಜೂನ್ ಕಡು ಬೇಸಿಗೆ. ನಮಗೆ ಮಾರ್ಚ್ ಕೊನೆಯಿಂದ ಏಪ್ರಿಲ್. ಮೇ ಬರುವ ಹೊತ್ತಿಗೆ ಮೋಡ, ಗುಡುಗು ಶುರುವಾಗಿ ಸ್ವಲ್ಪ ತಣ್ಣಗಾಗುತ್ತದೆ. ಅಥವಾ ಆಗಬೇಕು.

ಎರಡನೆಯದು ಮೇಲಿನ ಗಾಳಿ. ಕೆಲವು ವಾರ ನಮ್ಮ ನೆತ್ತಿಯ ಮೇಲೆ, ಒಂದೆರಡು ಮೈಲಿ ಎತ್ತರದಲ್ಲಿ, ಹೆಚ್ಚು ಒತ್ತಡದ ಗಾಳಿ ಠಿಕಾಣಿ ಹೂಡುತ್ತದೆ. ಆ ಗಾಳಿ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ. ಮೋಡ ಮೇಲೇಳುವುದಕ್ಕೂ ಬಿಡುವುದಿಲ್ಲ. ಅದಕ್ಕೇ ಆ ದಿನಗಳಲ್ಲಿ ಆಕಾಶ ಅಷ್ಟು ಶುಭ್ರ.

ಮೂರನೆಯದು ನೆಲ. ಇದನ್ನು ನಾವು ಮರೆಯುವುದೇ ಜಾಸ್ತಿ. ನೆಲದಲ್ಲಿ ಪಸೆ ಇದ್ದರೆ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಪಸೆ ಆರಿದರೆ ಅಷ್ಟೂ ಶಾಖ ಗಾಳಿಯನ್ನು ಕಾಯಿಸುತ್ತದೆ. ಹಿಂದಿನ ವರ್ಷದ ಹಿಂಗಾರು ಕೈಕೊಟ್ಟಿದ್ದರೆ ಈ ವರ್ಷದ ಮಾರ್ಚ್ ಜಾಸ್ತಿ ಸುಡುವುದು ಹೀಗೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ದೇಶದ ಮಟ್ಟಿಗೆ ಆ ಆಗಸ್ಟ್ 1901ರ ನಂತರದ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅದರ ಬೆನ್ನಿಗೇ ಬಂದಿದ್ದು 2024ರ ಏಪ್ರಿಲ್. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಷ್ಟಗಳಲ್ಲ ಅವು.

ಘಟ್ಟದ ಕೆಳಗಿನ ಕಥೆ ಬೇರೆ, ಆದರೆ ಅದರಲ್ಲಿ ನಮ್ಮದೂ ಪಾಲಿದೆ. 2025ರ ಫೆಬ್ರುವರಿ ಕೊನೆಯಲ್ಲಿ ಗೋವಾ ಮತ್ತು ನಮ್ಮ ಕರಾವಳಿಯಲ್ಲಿ ಬಿಸಿಗಾಳಿ ಅಂತ ಇಲಾಖೆ ಹೇಳಿತು. ಫೆಬ್ರುವರಿಯಲ್ಲಿ! ಮೂಡಣ ಗಾಳಿ ಬಲವಾಗಿ ಬೀಸಿದಾಗ ಅದು ಸಕಲೇಶಪುರ, ಕೊಟ್ಟಿಗೆಹಾರ ದಾಟಿ ಘಟ್ಟದ ಕೆಳಗೆ ಧುಮುಕುತ್ತದೆ. ಒಂದು ಕಿಲೋಮೀಟರ್ ಇಳಿದರೆ ಒಣಗಾಳಿ ಹತ್ತು ಡಿಗ್ರಿ ಕಾಯುತ್ತದೆ. ಅದೇ ಗಾಳಿ ಕಡಲಿನಿಂದ ಬರಬೇಕಾದ ತಂಗಾಳಿಯನ್ನೂ ತಡೆಯುತ್ತದೆ. ಮಂಗಳೂರಿನ ನೆಂಟರು ಫೋನ್ ಮಾಡಿ 'ನಿಮ್ಮಲ್ಲಿ ತಂಪಲ್ವಾ' ಅಂದರೆ, ನಮ್ಮ ತಂಪೇ ಕೆಳಗಿಳಿದು ನಿಮ್ಮನ್ನು ಸುಡುತ್ತಿದೆ ಅಂತ ಹೇಳಬಹುದು.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗೆ ಒಂದೇ ಮುನ್ಸೂಚನೆ ಹೇಳುವುದು ಎಷ್ಟು ಕಷ್ಟ ಅನ್ನುವುದನ್ನೂ ನೋಡಿ. ಮೂಡಿಗೆರೆ, ಸಕಲೇಶಪುರದ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ. ಕಡೂರು, ಅರಸೀಕೆರೆಯಲ್ಲಿ 600–700ರ ಸುಮಾರು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ. ಯಗಚಿ, ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದೇ ಸಾಲಿನ ಆಚೆ ಮಗ್ಗುಲಿನ ಕಡೂರಿನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಾರೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಡುವೆ ನಿಂತು ಮೋಡವನ್ನು ಪಾಲು ಮಾಡಿ ಕೊಡುತ್ತದೆ. ಪಾಲಿನಲ್ಲಿ ನ್ಯಾಯ ಇಲ್ಲ.

ಈಗ ಕಾಫಿ. ಬೆಳೆಗಾರರು ಹಿಂದಿನ ಸಾಲಲ್ಲಿ ಕೂತಿದ್ದೀರಿ, ಇಷ್ಟು ಹೊತ್ತು ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ತೋಟದ ಮನೆಯ ಜಗಲಿಗೆ ಹೋದರೆ ಗೋಡೆಗೆ ತೂಗುಹಾಕಿದ ಮಳೆ ಪುಸ್ತಕ ಇರುತ್ತದೆ. ಅಪ್ಪ, ತಾತನ ಕಾಲದಿಂದ ಬರೆದಿದ್ದು. ಲೆಕ್ಕ ಎಲ್ಲ ಇಂಚು, ಸೆಂಟು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಮ್ಮವರು ಇನ್ನೂ 'ಎಂಬತ್ತು ಸೆಂಟ್ ಬಂತು' ಅನ್ನುತ್ತಾರೆ. ನೂರು ಸೆಂಟಿಗೆ ಒಂದಿಂಚು, ಅಂದರೆ 25.4 ಮಿಲಿಮೀಟರ್. ಈ ಪುಸ್ತಕಗಳಲ್ಲಿ ಫೆಬ್ರುವರಿ, ಮಾರ್ಚ್, ಏಪ್ರಿಲ್ ಪುಟಗಳು ಬಹಳ ಸಲ ಖಾಲಿ. ಆದರೆ ಆ ಪುಟದಲ್ಲಿ ಬೀಳುವ ಒಂದು ಅಂಕಿ ಜೂನ್, ಜುಲೈನ ಇಪ್ಪತ್ತು ಅಂಕಿಗಿಂತ ಬೆಲೆಯುಳ್ಳದ್ದು. ಅದೇ ಹೂ ಮಳೆ.

ಕಾಫಿ ಮೊಗ್ಗು ಒಣ ಹವೆಯಲ್ಲಿ ಸುಮ್ನೆ ಕೂತಿರುತ್ತದೆ. ಅದನ್ನು ಎಬ್ಬಿಸಲು ಒಂದು ಒಳ್ಳೆ ಮಳೆ ಬೇಕು. 25ರಿಂದ 40 ಮಿಲಿಮೀಟರ್, ಅಂದರೆ ಒಂದರಿಂದ ಒಂದೂವರೆ ಇಂಚು. ರೋಬಸ್ಟಾಕ್ಕೆ ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಅರೇಬಿಕಾಕ್ಕೆ ಮಾರ್ಚ್, ಏಪ್ರಿಲ್. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಹೂವು. ಅದಾಗಿ ಹದಿನೈದಿಪ್ಪತ್ತು ದಿನಕ್ಕೆ ಇನ್ನೊಂದು ಮಳೆ, ಬ್ಯಾಕಿಂಗ್ ಅನ್ನುತ್ತೀರಲ್ಲ, ಅದು ಬಂದರೆ ಕಾಯಿ ಕಚ್ಚುತ್ತದೆ.

ಬಿಸಿಲು ಇದರ ಲೆಕ್ಕ ತಪ್ಪಿಸುವುದು ಎರಡು ಥರ. ಮೊದಲನೆಯದು, ಮಳೆ ಬರುತ್ತದೆ, ಆದರೆ ಇಪ್ಪತ್ತು ಸೆಂಟು. ಮೊಗ್ಗು ಎದ್ದೂ ಏಳದ ಹಾಗಾಗುತ್ತದೆ. ಅರೇಬಿಕಾದಲ್ಲಿ ಆಗ 'ಸ್ಟಾರ್' ಹೂವು ಕಾಣಿಸುತ್ತದೆ. ದಳ ಗಿಡ್ಡ, ಬಿರುಸು, ಹಸಿರು ಮಿಶ್ರಿತ. ದೂರದಿಂದ ಹೂವು ಅನ್ನಿಸಿದರೂ ಕಾಯಿ ಆಗುವುದಿಲ್ಲ. ಎರಡನೆಯದು, ಹೂವೇನೋ ಚೆನ್ನಾಗಿ ಬಂತು, ಆಮೇಲೆ ಮೂರು ವಾರ ಒಂದೇ ಸಮನೆ ಸುಡು ಬಿಸಿಲು. ಕಚ್ಚಿದ ಕಾಯಿ ಉದುರುತ್ತದೆ.

ಸ್ಪ್ರಿಂಕ್ಲರ್ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಲೆಕ್ಕ ನೋಡಿ. ಒಂದು ಎಕರೆಗೆ ಒಂದಿಂಚು ನೀರು ಅಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಐದು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು. ಹತ್ತೆಕರೆ ತೋಟಕ್ಕೆ ಹತ್ತು ಲಕ್ಷ ಲೀಟರ್, ಅದೂ ಹಳ್ಳದಲ್ಲಿ ನೀರು ಅತಿ ಕಡಿಮೆ ಇರುವ ತಿಂಗಳಲ್ಲಿ, ಊರಿನವರೆಲ್ಲ ಒಂದೇ ವಾರ ಮೋಟರ್ ಇಟ್ಟಾಗ. ಮೇಲಿನ ತೋಟದವರ ಹೂವು ಕೆಳಗಿನ ಊರಿನ ಕೊಡಪಾನ ಖಾಲಿ ಮಾಡುವುದು ನಮ್ಮ ಕಡೆ ಹೊಸ ಜಗಳವೇನಲ್ಲ. ಕೆರೆ ತುಂಬಿಸಿಟ್ಟುಕೊಂಡವರು ಮಾತ್ರ ಧೈರ್ಯವಾಗಿರಬಹುದು.

ಇನ್ನೊಂದು ಮಾತು ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವುದರ ಬಗ್ಗೆ. ಆಳು ಸಿಕ್ಕರು ಅಂತ ಏಪ್ರಿಲ್ ಮೊದಲೇ ನೆರಳು ತೆಗೆದುಬಿಡುತ್ತಾರೆ. ಮಳೆ ಕೂರುವ ಮೊದಲೇ ಹಾಲುವಾಣದ ಕೊಂಬೆ ಕಡಿದರೆ ನಲವತ್ತು ವರ್ಷದ ಅರೇಬಿಕಾ ಗಿಡ ಒಮ್ಮೆಲೇ ಬಿಸಿಲಿಗೆ ಬೀಳುತ್ತದೆ. ಬಿಳಿ ಕಾಂಡಕೊರಕದ ದುಂಬಿ ಹಾರಾಡುವುದು ಏಪ್ರಿಲ್–ಮೇ ತಿಂಗಳಲ್ಲೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಬಿಸಿಲು ಬೀಳುವ ಕಾಂಡ ಅದಕ್ಕೆ ಬಲು ಇಷ್ಟ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾದಾಗಿನಿಂದ ಈ ಹುಳುವಿನ ಜೊತೆ ಯುದ್ಧ ನಡೆಯುತ್ತಲೇ ಇದೆ. ಇವತ್ತಿಗೂ ಹೇಳುವ ಮೊದಲ ಮದ್ದು ನೆರಳೇ.

ಬೇರೆ ಬೆಳೆಗಳನ್ನು ಬೇಗ ಮುಗಿಸುತ್ತೇನೆ. ಅಡಿಕೆಯಲ್ಲಿ ಹಿಂಗಾರ, ಅಂದರೆ ಹೂಗೊಂಚಲು, ಒಣಗುತ್ತದೆ, ಎಳೆ ಮರದ ಪಡುವಣ ಮಗ್ಗುಲು ಬಿಸಿಲಿಗೆ ಸುಟ್ಟು ಸೀಳುತ್ತದೆ. ಸುಣ್ಣ ಬಳಿಯುವುದು ಹಳೇ ಉಪಾಯ, ಈಗಲೂ ಅದೇ ಒಳ್ಳೆಯದು. ಅರಸೀಕೆರೆ ಕಡೆ ತೆಂಗಿನ ಹರಳು ಉದುರುತ್ತದೆ, ಕಪ್ಪುತಲೆ ಹುಳು ಹಬ್ಬುವುದೂ ಇದೇ ಒಣ ತಿಂಗಳಲ್ಲಿ. ಹಾಸನದ ಆಲೂಗಡ್ಡೆಗೆ ಬಿತ್ತನೆ ಗಡ್ಡೆ ಪಂಜಾಬಿನಿಂದ ಬರುತ್ತದೆ. ಮೇ ತಿಂಗಳ ಸೆಕೆಯಲ್ಲಿ ಮೂಟೆ ಒಂದರ ಮೇಲೊಂದು ಪೇರಿಸಿಟ್ಟರೆ ಬಿತ್ತುವ ಮೊದಲೇ ಕೊಳೆಯುತ್ತದೆ. ಹಸುವಿನಲ್ಲಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ ಸೆಕೆ ತಡೆಯುವುದಿಲ್ಲ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಡೇರಿಗೆ ಹಾಕುವ ಮನೆಗಳಿಗೆ ಇದು ವಾರದ ಬಟವಾಡೆಯಲ್ಲೇ ಕಾಣಿಸುತ್ತದೆ. ಚಾರ್ಮಾಡಿ, ಚಂದ್ರದ್ರೋಣ ಪರ್ವತದ ಹುಲ್ಲುಗಾವಲಿನ ಬೆಂಕಿ ಬಗ್ಗೆ ಬೇರೆ ದಿನವೇ ಬೇಕು. ಆನೆ ವಿಷಯಕ್ಕಂತೂ ಹೋಗುವುದೇ ಇಲ್ಲ. ಆಲೂರಿನವರು ಇದ್ದೀರಿ, ರಾತ್ರಿಯಾಗಿಬಿಡುತ್ತದೆ.

ಮನುಷ್ಯರ ವಿಷಯಕ್ಕೆ ಬರುತ್ತೇನೆ.

ಮೊದಲು ನಮ್ಮ ಕಡೆ ಮನೆಗೆ ಮಂಗಳೂರು ಹೆಂಚು, ಕೆಳಗೆ ಅಟ್ಟ. ಬಿಸಿಲು ಹೆಂಚನ್ನು ಕಾಯಿಸಿದರೂ ಅಟ್ಟದ ಗಾಳಿ ತಡೆಯುತ್ತಿತ್ತು. ಸಂಧಿಯಿಂದ ಬಿಸಿ ಹೊರಗೆ ಹೋಗುತ್ತಿತ್ತು. ಈಗ ಉಳ್ಳವರಿಗೆ ಆರ್.ಸಿ.ಸಿ., ಇಲ್ಲದವರಿಗೆ ಶೀಟು. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಆರ್.ಸಿ.ಸಿ. ಮನೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಹೊರಗೆ ತಣ್ಣಗೆ ಗಾಳಿ ಬೀಸುತ್ತಿದ್ದರೂ ಗೋಡೆ ಇನ್ನೂ ಬೆಚ್ಚಗೆ. ಆ ಬಿಸಿ ಬೆಳಗಿನ ಜಾವದವರೆಗೆ ನಿಧಾನಕ್ಕೆ ಮನೆಯೊಳಗೆ ಬಿಡುಗಡೆ ಆಗುತ್ತಿರುತ್ತದೆ. ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ತಗಡಿನ ಶೀಟು ರಾತ್ರಿ ಬೇಗ ಆರುತ್ತದೆ, ನಿಜ. ಹಗಲು ಮಾತ್ರ ಒಳಗೆ ಕೂರಲು ಆಗುವುದಿಲ್ಲ. ಹಗಲು ಅಲ್ಲಿ ಇರುವವರು ಯಾರು? ಬಾಣಂತಿ, ಮಗು, ಕೆಲಸಕ್ಕೆ ಹೋಗಲಾಗದ ಅಜ್ಜಿ. ಶೀಟಿನ ಮೇಲೆ ತೆಂಗಿನ ಗರಿ ಹಾಸಿ, ಇಲ್ಲವೇ ಸುಣ್ಣ ಬಳಿದರೂ ಒಳಗೆ ಗೊತ್ತಾಗುವಷ್ಟು ತಂಪಾಗುತ್ತದೆ. ದೊಡ್ಡ ಖರ್ಚಲ್ಲ. ತೋಟದ ಮಾಲೀಕರು ಇಲ್ಲಿದ್ದೀರಿ, ಮುಖಕ್ಕೇ ಹೇಳುತ್ತಿದ್ದೇನೆ: ಸ್ಪ್ರಿಂಕ್ಲರಿಗೆ ಡೀಸೆಲ್ ತರುವ ದಿನ ಎರಡು ಮೂಟೆ ಸುಣ್ಣವನ್ನೂ ತನ್ನಿ.

ಬಿಸಿಲಲ್ಲಿ ಮೈಗೆ ಇರುವ ಮುಖ್ಯ ತಂಪಿನ ಯಂತ್ರ ಬೆವರು. ಬೆವರು ಆರಿದರೆ ಮಾತ್ರ ತಂಪು. ಒಣ ಹವೆಯಲ್ಲಿ ಬೇಗ ಆರುತ್ತದೆ, ನೀರು ಖಾಲಿಯಾಗಿದ್ದೂ ಗೊತ್ತಾಗುವುದಿಲ್ಲ. ಮಳೆ ಬಂದ ಮಾರನೇ ದಿನ ಡಿಗ್ರಿ ಕಡಿಮೆ ಇದ್ದರೂ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಆ ದಿನ 33 ಡಿಗ್ರಿಯಲ್ಲೂ ಗುದ್ದಲಿ ಕೆಲಸ ಮಾಡುವವರು ಸುಸ್ತಾಗುತ್ತಾರೆ. ರಾಮನವಮಿಗೆ ಪಾನಕ, ನೀರು ಮಜ್ಜಿಗೆ, ಕೋಸಂಬರಿ ಹಂಚುವುದು ಸರಿಯಾಗಿ ಈ ಹೊತ್ತಿಗೇ. ಸಕ್ಕರೆ, ಉಪ್ಪು, ನೀರು ಮೂರೂ ಬಂದವು. ಅದನ್ನು ಒಂದು ದಿನಕ್ಕೆ ನಿಲ್ಲಿಸುವುದು ಯಾಕೋ ನನಗೆ ಅರ್ಥವಾಗಿಲ್ಲ. ತಲೆಸುತ್ತು, ವಾಂತಿ, ಮೀನಖಂಡ ಹಿಡಿಯುವುದು ಶುರುವಾದರೆ ನೆರಳು, ಓ.ಆರ್.ಎಸ್., ವಿಶ್ರಾಂತಿ. ಮಾತು ತೊದಲಿದರೆ, ಗೊಂದಲವಾಗಿ ಆಡಿದರೆ, ಮೈ ಕಾದ ಹಂಚಿನಂತಾಗಿದ್ದರೆ ಬಾಯಿಗೆ ನೀರು ಹಾಕುತ್ತಾ ಕೂರಬೇಡಿ. ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಅಹಮದಾಬಾದಿನಲ್ಲಿ 2010ರ ಬೇಸಿಗೆಯಲ್ಲಿ ಬಹಳ ಸಾವಾದ ಮೇಲೆ 2013ರಲ್ಲಿ ನಗರಕ್ಕೇ ಒಂದು ಬಿಸಿಲಿನ ಯೋಜನೆ ಮಾಡಿದರು. ನಮ್ಮಂಥ ಮಧ್ಯಮ ಊರುಗಳಿಗೂ ಅಂಥದ್ದು ಬೇಕು, ನಮ್ಮ ಅಂಕಿ ಇಟ್ಟುಕೊಂಡು.

ಕೊನೆಗೆ ಮುಂದೇನು ಅನ್ನುವುದು. 'ಮಳೆ ಯಾವಾಗ ಸಾರ್?' ಅಂತ ಬಾಗಿಲಲ್ಲೇ ಕೇಳಿದರು.

ಇಲಾಖೆಯ ಮುನ್ಸೂಚನೆಯಲ್ಲಿ ಹಲವು ಪದರ ಇದೆ. ಮುಂದಿನ ಮೂರು ಗಂಟೆಯದ್ದು ಒಂದು. ಜಿಲ್ಲಾವಾರು ಮುಂದಿನ ಕೆಲವು ದಿನದ್ದು ಒಂದು. ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ್ದು. ಮಾರ್ಚ್ ಕೊನೆ ಹೊತ್ತಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಬೇಸಿಗೆ ನೋಟ. ಏಪ್ರಿಲ್ ಮಧ್ಯದಲ್ಲಿ ಮುಂಗಾರಿನ ಮೊದಲ ಅಂದಾಜು. ಮೇ ಮಧ್ಯದಲ್ಲಿ ಕೇರಳಕ್ಕೆ ಮುಂಗಾರು ಯಾವ ದಿನ ಅನ್ನುವುದು. ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪಕ ಇಟ್ಟಿದೆ. ನಿಮ್ಮ ಹೋಬಳಿಯ ಅಂಕಿ ಅಲ್ಲಿ ಸಿಗುತ್ತದೆ, ಬೆಂಗಳೂರಿನದ್ದು ನೋಡಿ ನಿಟ್ಟುಸಿರು ಬಿಡಬೇಕಾಗಿಲ್ಲ.

'ಒಂದೆರಡು ಕಡೆ ಮಳೆ' ಅಂದರೆ ಆ ಪ್ರದೇಶದ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಮಳೆ. 'ಕೆಲವು ಕಡೆ' ಅಂದರೆ ಅರ್ಧದವರೆಗೆ, 'ಹಲವು ಕಡೆ' ಅಂದರೆ ಮುಕ್ಕಾಲು. ಬೇಸಿಗೆ ಮಳೆ ಹೆಚ್ಚಾಗಿ ಒಂದೆರಡು ಕಡೆಯದ್ದೇ. ಮಧ್ಯಾಹ್ನ ಕಾದ ನೆಲದಿಂದ ಏಳುವ ಗಾಳಿಗೆ ಕಡಲಿನ ತೇವ ಸೇರಿದರೆ ಸಂಜೆಗೆ ಗುಡುಗು. ಬೇಲೂರಿನಲ್ಲಿ ಆಲಿಕಲ್ಲು ಸುರಿದ ದಿನ ಹಳೇಬೀಡಿನಲ್ಲಿ ಧೂಳು. ಪಕ್ಕದ ತೋಟಕ್ಕೆ ಬಂದು ನಮ್ಮದಕ್ಕೆ ಬರಲಿಲ್ಲ ಅಂತ ಮುನ್ಸೂಚನೆ ಸುಳ್ಳಾಗುವುದಿಲ್ಲ. ಹೊಟ್ಟೆ ಉರಿಯುತ್ತದೆ, ಅದು ಬೇರೆ.

ಇಡೀ ಮುಂಗಾರಿನ ಅಂದಾಜು ಮಾತ್ರ ಈಚೆಗೆ ಸುಮಾರಾಗಿ ಸರಿ ಬರುತ್ತಿದೆ. 2023ಕ್ಕೆ ವಾಡಿಕೆಯ ಶೇಕಡ 96 ಅಂದರು, ಬಂದಿದ್ದು 94. 2024ಕ್ಕೆ 106 ಅಂದರು, 108 ಬಂತು. 2025ಕ್ಕೆ ಏಪ್ರಿಲ್‌ನಲ್ಲಿ 105 ಅಂದರು, ಆಗಲೂ 108. ಆದರೆ ಇದು ಇಡೀ ದೇಶದ ಸರಾಸರಿ. ದೇಶಕ್ಕೆ 94 ಬಂದ ವರ್ಷವೇ ನಮ್ಮ ರಾಜ್ಯಕ್ಕೆ ಬರ ಬಡಿದಿತ್ತು.

ಹಾಗೆಯೇ ಮಳೆ ನಕ್ಷತ್ರ. 'ಭರಣಿ ಸುರಿದರೆ ಧರಣಿ ಬದುಕೀತು' ಅನ್ನುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭರಣಿ ಏಪ್ರಿಲ್ 27ರ ಸುಮಾರಿಗೆ ಶುರು. ಗುಡುಗು ಮಳೆಯ ಸುಗ್ಗಿ ಅದೇ ಹೊತ್ತು. ಅದು ನಮ್ಮವರು ಕಣ್ಣಿಟ್ಟು ನೋಡಿ ಮಾಡಿದ ಕ್ಯಾಲೆಂಡರ್. ಒಂದು ತಮಾಷೆ ಏನೆಂದರೆ, ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ ಎಪ್ಪತ್ತು ವರ್ಷಕ್ಕೆ ಸುಮಾರು ಒಂದು ದಿನ ಜಾರುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲಿ ಋತುವಿನ ಪ್ರಕಾರ ಭರಣಿ ಈಗಿನದಕ್ಕಿಂತ ಹನ್ನೆರಡು, ಹದಿಮೂರು ದಿನ ಮುಂಚೆ ಬರುತ್ತಿತ್ತು. ವಿಷ್ಣುವರ್ಧನನ ಕಾಲದ ರೈತನಿಗೆ ಭರಣಿ ಇನ್ನೂ ಸುಡು ಬಿಸಿಲಿನ ಮಳೆ.

ಪ್ರಶ್ನೆಗಳಿಗೆ ಬರೋಣ.

ಒಬ್ಬ ಹುಡುಗಿ ಕೇಳಿದಳು: ಈ ವರ್ಷ ಎಲ್ ನಿನೊ ಬರುತ್ತದಾ ಅಂತ ಈಗಲೇ ಹೇಳಬಹುದಾ?

ಹೇಳುತ್ತಾರಮ್ಮ, ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಹೇಳಿದ್ದಕ್ಕೆ ನಂಬಿಕೆ ಕಡಿಮೆ. ಎಲ್ ನಿನೊ ಅಂದರೆ ಶಾಂತಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗುವುದು. ಆ ಸಾಗರದ ಸ್ಥಿತಿ ಈ ತಿಂಗಳುಗಳಲ್ಲೇ ಮಗ್ಗುಲು ಬದಲಾಯಿಸುವುದು. ಮೇ ಕಳೆದ ಮೇಲಿನ ಅಂದಾಜು ಗಟ್ಟಿ. ಎಲ್ ನಿನೊ ಬಂದ ವರ್ಷವೆಲ್ಲ ಬರ ಅಂತಲೂ ಅಲ್ಲ, ಸಾಧ್ಯತೆ ಜಾಸ್ತಿ ಅಷ್ಟೆ. ಪೇಪರಿನಲ್ಲಿ ಈಗ ದಪ್ಪ ಅಕ್ಷರದಲ್ಲಿ ಬಂದರೆ ಓದಿ, ಆಲೂಗಡ್ಡೆ ಹಾಕುವುದನ್ನು ಮಾತ್ರ ಅದರ ಮೇಲೆ ನಿರ್ಧಾರ ಮಾಡಬೇಡಿ.

ಮುಂದಿನ ಸಾಲಿನ ಅಕ್ಕ ಒಬ್ಬರು: ಸಿಡಿಲಿಗೆ ಏನು ಮಾಡುವುದು? ಮೊದಲ ಮಳೆಗೇ ಭಯ.

ಭಯ ಸರಿಯಾದದ್ದೇ ಅಕ್ಕ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ಮುಟ್ಟುವಷ್ಟು ಹತ್ತಿರ ಇದ್ದೀರಿ ಅಂತ. ಮರದ ಬುಡಕ್ಕೆ ಹೋಗಬೇಡಿ, ಒಳಗೆ ಹೋಗಿ. ಫೋನಿನಲ್ಲಿ ದಾಮಿನಿ ಅಂತ ಆಪ್ ಇದೆ, ಸಿಡಿಲು ಹತ್ತಿರ ಬಂದರೆ ಹೇಳುತ್ತದೆ. ಮಗನ ಫೋನಿಗೆ ಹಾಕಿಸಿಕೊಳ್ಳಿ.

ಕೊನೆಯದು ಹಿಂದಿನ ಸಾಲಿನಿಂದ: ನಮ್ಮಲ್ಲಿ ಮೊನ್ನೆ ಐವತ್ತು ಸೆಂಟ್ ಬಂದಿದೆ. ಇನ್ನೂ ಮಳೆ ಕಾಯಬೇಕಾ, ನೀರು ಹೊಡೆಯಬೇಕಾ?

ರೋಬಸ್ಟಾ ಆದರೆ, ನೀರಿದ್ದರೆ, ಕಾಯಬೇಡಿ ಯಜಮಾನರೇ. ಐವತ್ತು ಸೆಂಟು ಹನ್ನೆರಡೂವರೆ ಮಿಲಿಮೀಟರ್ ಆಯಿತು. ಮೊಗ್ಗು ಎಬ್ಬಿಸಿದೆ, ಅರಳಿಸಲು ಸಾಲದು. ಉಳಿದ ಅರ್ಧ, ಮುಕ್ಕಾಲು ಇಂಚನ್ನು ಒಂದೆರಡು ದಿನದೊಳಗೆ ಕೊಟ್ಟುಬಿಡಿ, ನೆಲ ಇನ್ನೂ ಹಸಿ ಇರುವಾಗಲೇ. ರಾತ್ರಿ ಅಥವಾ ಬೆಳಗಿನ ಜಾವ ಹೊಡೆಯಿರಿ, ಮಧ್ಯಾಹ್ನ ಗಾಳಿಗೆ ಅರ್ಧ ನೀರು ಹಾರಿಹೋಗುತ್ತದೆ. ಹೂವು ಬಿಚ್ಚಿದ ದಿನ ಮಾತ್ರ ಪೈಪ್ ಮುಟ್ಟಬೇಡಿ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬರಬೇಕು, ಜೇನು ಓಡಾಡಲಿ. ಹದಿನೈದು ದಿನ ಬಿಟ್ಟು ಬ್ಯಾಕಿಂಗ್‌ಗೆ ಕೆರೆಯಲ್ಲಿ ನೀರು ಉಳಿಯುತ್ತದಾ ಅಂತ ಇವತ್ತೇ ಹೋಗಿ ನೋಡಿ. ಉಳಿಯುವುದಿಲ್ಲ ಅಂತಾದರೆ ಇಡೀ ತೋಟಕ್ಕೆ ಹೊಡೆಯುವ ಬದಲು ಚೆನ್ನಾಗಿ ಮೊಗ್ಗು ಕಟ್ಟಿರುವ ಅರ್ಧ ತೋಟ ಆರಿಸಿಕೊಂಡು, ಅದಕ್ಕೇ ಎರಡು ಸಲ ಕೊಡಿ.